ಹೋಸಿಯತ್ ಹೇಳಿದ ಸೊಪ್ಪು

ದುಶಾಂಬೆ ಪಟ್ಟಣದ ನಮ್ಮ ನಾಲ್ಕಂತಸ್ತಿನ ಕಟ್ಟಡದಲ್ಲಿ ರಾತ್ರಿಗೆ ಏನು ಬೇಯಿಸಬೇಕು ಅಂತ ತೋಚದ ಹೆಂಗಸರೆಲ್ಲ ಹೋಸಿಯತಕ್ಕನನ್ನು ಕೇಳುತ್ತಿದ್ದರು. ಆಕೆ ಮೊದಲು ಶಿಶುವಿಹಾರವೊಂದರಲ್ಲಿ ಎಂಬತ್ತು ಮಕ್ಕಳಿಗೆ ಅಡುಗೆ ಮಾಡುತ್ತಿದ್ದವಳು. ದೇಶದೊಳಗೇ ಯುದ್ಧ ಹೊತ್ತಿಕೊಂಡ ಮೇಲೆ ಶಿಶುವಿಹಾರ ಮುಚ್ಚಿತು. ಹಿಟ್ಟು ತರುತ್ತೇನೆಂದು ದಕ್ಷಿಣದ ತನ್ನ ಹಳ್ಳಿಗೆ ಹೋದ ಗಂಡ ವಾಪಸು ಬರಲಿಲ್ಲ. ಮಕ್ಕಳಿರಲಿಲ್ಲ.

ನಾನಾಗ ಆ ಕಟ್ಟಡಕ್ಕೆ ಸೊಸೆಯಾಗಿ ಬಂದು ಎರಡು ವರ್ಷ. ಮನೆಯ ನಲ್ಲಿ ಒಣಗಿತ್ತು, ಗ್ಯಾಸ್ ನಿಂತಿತ್ತು. ಬೀದಿಯ ಚಿನಾರ್ ಮರ ಕಡಿದು ಅಂಗಳದಲ್ಲಿ ಇಟ್ಟಿಗೆ ಒಲೆ ಹೂಡಿದ್ದೆವು. ಮಧ್ಯಾಹ್ನ ಬೀದಿ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ನಿಂತರೆ ಮಾತೆಲ್ಲ ಒಂದೇ.

"ಅಕ್ಕಾ, ಮನೇಲಿ ಎರಡು ಈರುಳ್ಳಿ, ಒಂದು ಹಿಡಿ ಹೆಸರುಕಾಳು. ಏನ್ ಮಾಡ್ಲಿ?"

"ಈರುಳ್ಳಿ ಕಪ್ಪಾಗೋವರೆಗೂ ಹುರಿ. ಕಾಳಿಗೆ ನೀರು ಜಾಸ್ತಿ ಹಾಕು. ಬಡಿಸುವಾಗ ದೊಡ್ಡ ಬಟ್ಟಲು ತಗೋಬೇಡ, ಚಿಕ್ಕದು ತಗೋ. ತುಂಬಿದ ಹಾಗೆ ಕಾಣ್ಬೇಕು."

ಬೀಟ್‌ರೂಟಿನ ಎಲೆಯನ್ನು ಹಿಟ್ಟಿನೊಳಗೆ ಮಡಿಚಿ ಬೇಯಿಸುವುದು, ಒಣಮೊಸರಿನ ಉಂಡೆಯನ್ನು ಬಿಸಿನೀರಲ್ಲಿ ಕರಗಿಸಿ ಹಳೇ ರೊಟ್ಟಿಯ ಮೇಲೆ ಸುರಿಯುವುದು, ಒಂದು ಚಮಚ ಎಣ್ಣೆಯಲ್ಲಿ ಹಿಟ್ಟು ಹುರಿದು ಆರು ಜನಕ್ಕೆ ಗಂಜಿ ಕಾಯಿಸುವುದು, ಎಲ್ಲ ಆಕೆ ಹೇಳಿಕೊಟ್ಟಿದ್ದೇ. ಒಬ್ಬರಿಗೆ ಹೇಳಿದ್ದು ಸಂಜೆಯೊಳಗೆ ನಾಲ್ಕೂ ಅಂತಸ್ತಿಗೆ ಹಬ್ಬಿ, ಎಲ್ಲರ ಬಾಗಿಲಿಂದಲೂ ಒಂದೇ ವಾಸನೆ ಬರುತ್ತಿತ್ತು.

ಆಕೆಯ ಎದುರು ಮನೆಯವಳು ಸವ್ರಿ. ಗಂಡ ರಜಬ್ ಟ್ರಾಲಿ ಬಸ್ ಓಡಿಸುತ್ತಿದ್ದ. ಆರು ವರ್ಷದ ಮಗಳು ಮೆಹ್ರಿ. ಸವ್ರಿಯ ನಾಲಗೆ ಚುರುಕು.

"ನಮ್ಮನೇಲಿ ಹಿಟ್ಟಿಲ್ಲ, ಎಣ್ಣೆ ಇಲ್ಲ. ಗಂಡ ಒಬ್ಬ ಇದಾನೆ. ಅವನನ್ನೇ ಕುದಿಸ್ಲಾ ಅಕ್ಕಾ?"

"ಬೇಡ ಕಣೇ, ಬಲಿತ ಮಾಂಸ. ಸೌದೆ ಸಾಲಲ್ಲ."

ಅಂಗಳದ ಮೂಲೆಯಲ್ಲಿ ಕೂತು ತನ್ನ ಹರಿದ ಚಪ್ಪಲಿ ಹೊಲೆಯುತ್ತಿದ್ದ ರಜಬನೂ ನಕ್ಕುಬಿಟ್ಟ.

ತೊಂಬತ್ತಮೂರರ ಮಾರ್ಚ್. ಹಿಮ ಕರಗಿ ಊರಾಚೆ ಹಸಿರು ಮೂಡಿತ್ತು. ಬೆಳಿಗ್ಗೆ ನಾನೂ ಹೋಸಿಯತಕ್ಕನೂ ರೊಟ್ಟಿ ಅಂಗಡಿಯ ಸಾಲಲ್ಲಿ ನಿಂತಿದ್ದಾಗ ಸವ್ರಿ ಬಂದಳು.

"ಅಕ್ಕಾ, ನಾಲ್ಕು ದಿನದಿಂದ ಬರೀ ಗಂಜಿ. ಬೇರೇನಾದ್ರೂ ಹೇಳಿ."

"ಕಾಲುವೆ ದಂಡೆಗೆ ಹೋಗು. ಕೊತ್ತಂಬರಿ ಥರ ಸೀಳೆಲೆ ಇರೋ ಸೊಪ್ಪು ಎದ್ದಿದೆ. ಎಳೇದು ನೋಡಿ ಕಿತ್ಕೊಂಡು ಬಾ. ಹೆಚ್ಚಿ, ಹಿಟ್ಟು ಕದಡಿ ಸಾರು ಮಾಡು. ಆದ್ರೆ..."

ಅಷ್ಟರಲ್ಲಿ ಅಂಗಡಿ ಬಾಗಿಲು ತೆರೆಯಿತು. ಜನ ಮುನ್ನುಗ್ಗಿದರು. "ಅಕ್ಕಾ, ಬನ್ನಿ, ಸಾಲು ತಪ್ಪುತ್ತೆ!" ಅಂತ ತೋಳು ಹಿಡಿದೆಳೆದವಳು ನಾನೇ. ನಾವು ಒಳಗೆ ಹೋದೆವು. ಸವ್ರಿ ಕಾಲುವೆ ಕಡೆ ಹೋದಳು.

ಅದೇ ದಂಡೆಯಲ್ಲಿ ಅದೇ ಥರ ಸೀಳೆಲೆಯ ಇನ್ನೊಂದು ಗಿಡ ಬೆಳೆಯುತ್ತದೆ. ತೊಟ್ಟಿನ ಮೇಲೆ ನೇರಳೆ ಚುಕ್ಕೆ, ಉಜ್ಜಿದರೆ ಇಲಿಯ ಉಚ್ಚೆಯ ನಾತ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಸವ್ರಿ ಹುಟ್ಟಿ ಬೆಳೆದದ್ದೆಲ್ಲ ಪಟ್ಟಣದಲ್ಲಿ.

ಸಂಜೆ ಮೆಹ್ರಿಗೆ ಜ್ವರ, ಊಟ ಬೇಡವೆಂದು ಮಲಗಿಬಿಟ್ಟಿತ್ತು. ಸವ್ರಿ ತನ್ನ ಪಾಲನ್ನೂ ಮುಕ್ಕಾಲು ಗಂಡನ ಬಟ್ಟಲಿಗೇ ಬಗ್ಗಿಸಿದ್ದಳು. ಉಂಡು ಸ್ವಲ್ಪ ಹೊತ್ತಿಗೆ ರಜಬ್ ಏಳಲು ಹೋಗಿ ಕುಸಿದ. ನಾವೆಲ್ಲ ಓಡಿದೆವು. ಅವನಿಗೆ ಪೂರ್ತಿ ಪ್ರಜ್ಞೆಯಿತ್ತು. "ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಸವ್ರಿ," ಅಂದ. ಆಮೇಲೆ ಕೈ ಹೋಯಿತು. ಹೋಸಿಯತಕ್ಕ ಪಾತ್ರೆಯ ತಳದ ಸೊಪ್ಪು ಬೆರಳಲ್ಲಿ ಎತ್ತಿ ಮೂಸಿದಳು. ಆಕೆಯ ಮುಖ ನೋಡಿಯೇ ನನಗೆ ತಿಳಿಯಿತು. ಹೊರಗೆ ಕರ್ಫ್ಯೂ, ವಾಹನವಿಲ್ಲ. ಗಂಡಸರು ಬಾಗಿಲ ಹಲಗೆಯ ಮೇಲೆ ಅವನನ್ನು ಹೊತ್ತು ಆಸ್ಪತ್ರೆಗೆ ಹೊರಟರು. ಎರಡನೇ ಬೀದಿ ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

ಸವ್ರಿ ಮೂರು ದಿನ ವಾಂತಿ ಮಾಡಿಕೊಂಡು ಕೊನೆಗೆ ಬದುಕುಳಿದಳು. ನಾಲ್ಕನೆಯ ದಿನ ಹೋಸಿಯತಕ್ಕ ತನ್ನ ಪಾಲಿನ ಹಿಟ್ಟಲ್ಲಿ ಗಂಜಿ ಕಾಯಿಸಿ ಎದುರು ಬಾಗಿಲು ತಟ್ಟಿದಳು. ಸವ್ರಿ ಬಟ್ಟಲು ತೆಗೆದುಕೊಂಡಳು, ಹೊಸ್ತಿಲ ಮೇಲೇ ಸುರಿದಳು. ಖಾಲಿ ಬಟ್ಟಲು ವಾಪಸು ಕೊಟ್ಟು ಬಾಗಿಲು ಹಾಕಿದಳು. ಅನ್ನವೆಂದರೆ ಜೀವವಾಗಿದ್ದ ಕಾಲ ಅದು. ಹೋಸಿಯತಕ್ಕ ನೆಲ ಒರೆಸಿ ಹೋದಳು. ಮರುದಿನ ಮತ್ತೆ ಬಂದಳು. ಮತ್ತೆ ಹಾಗೇ ಆಯಿತು. ಹನ್ನೊಂದು ದಿನ ಹೀಗೆ ನಡೆಯಿತು. ಆಕೆ ಅಷ್ಟೂ ದಿನ ಏನು ತಿಂದಳೋ ಕಾಣೆ.

ಹನ್ನೆರಡನೆಯ ದಿನ ಸವ್ರಿ ಬಟ್ಟಲು ಬಗ್ಗಿಸಹೊರಟಾಗ ಮೆಹ್ರಿ ಅವಳ ಕೈ ಹಿಡಿದುಕೊಂಡಿತು. "ಅಮ್ಮಾ, ಚೆಲ್ಲಬೇಡ." ಸವ್ರಿ ಬಟ್ಟಲನ್ನು ಹೋಸಿಯತಕ್ಕನ ಎದೆಗೆ ಒತ್ತಿ ಹಿಡಿದು, "ಮೊದಲು ನೀನು ತಿನ್ನು," ಅಂದಳು.

ಹೋಸಿಯತಕ್ಕ ನಿಂತಲ್ಲೇ ಒಂದು ಚಮಚ ತಿಂದಳು. ಸವ್ರಿ ಅವಳ ಗಂಟಲನ್ನೇ ನೋಡುತ್ತಿದ್ದಳು. ಅರ್ಧ ಗಂಟೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಸವ್ರಿ ಮಗುವಿಗೆ ತಿನ್ನಿಸಿದಳು.

ಅಲ್ಲಿಂದ ಐದು ವರ್ಷ ಇದೇ ನಡೆಯಿತು. ಯುದ್ಧ ಮುಗಿಯಿತು, ಪೇಟೆಗೆ ಅಕ್ಕಿ ಬಂತು, ಮಾಂಸ ಬಂತು. ಸವ್ರಿ ಹೊಲಿಗೆ ಕೆಲಸಕ್ಕೆ ಸೇರಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳು. ಅವಳು ಬಂದ ಮೇಲೆ ಹೋಸಿಯತಕ್ಕ ದಿನಾ ಬಟ್ಟಲು ಹಿಡಿದು ಹೋಗುತ್ತಿದ್ದಳು, ಒಂದು ಚಮಚ ತಾನು ತಿಂದು ಕೊಡುತ್ತಿದ್ದಳು. "ಮೊದಲು ನೀನು ತಿನ್ನು" ಅನ್ನುವ ಮಾತೂ ನಿಂತುಹೋಗಿತ್ತು. ಸವ್ರಿ ಚಮಚ ಚಾಚುತ್ತಿದ್ದಳು, ಅಷ್ಟೇ. ಇಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಒಂದು ಸಲ ನಾನು ತಡೆಯಲಾರದೆ ಕೇಳಿದೆ. "ಅಕ್ಕಾ, ಆ ದಿನ ನೀವು ಹೇಳೋಕೆ ಹೊರಟಿದ್ರಿ. ಎಳೆದವಳು ನಾನು. ಸವ್ರಿಗೆ ಹೇಳಿಬಿಡ್ಲಾ?"

"ಹೇಳಿ ಏನು ಮಾಡ್ತೀಯ? ಅವಳಿಗೆ ಈಗ ಒಬ್ಬಳನ್ನ ನೋಡಿದ್ರೆ ಸಿಟ್ಟು ಬರುತ್ತೆ. ಆಮೇಲೆ ಇಬ್ಬರನ್ನ ನೋಡಿದ್ರೂ ಬರುತ್ತೆ." ಆಮೇಲೆ ತಾನೇ ಅಂದಳು, "ರೊಟ್ಟಿ ತಗೊಂಡ ಮೇಲಾದ್ರೂ ಅವಳ ಹಿಂದೆ ಓಡಬಹುದಿತ್ತು. ಓಡಲಿಲ್ಲ. ರೊಟ್ಟಿ ಬಿಸಿಯಾಗಿತ್ತು, ಮುರಿದು ತಿಂತಾ ನಿಂತೆ."

ನಾನು ಹೇಳಲಿಲ್ಲ. ಹೇಳಬೇಕಿತ್ತೇನೋ. ಧೈರ್ಯ ಬರಲಿಲ್ಲ ಅನ್ನುವುದೇ ನಿಜ.

ತೊಂಬತ್ತೆಂಟರಲ್ಲಿ ಸವ್ರಿ ಮಗಳೊಂದಿಗೆ ಖುಜಂದ್ ಊರಲ್ಲಿದ್ದ ಅಣ್ಣನ ಮನೆಗೆ ಹೊರಟಳು. ಲಾರಿಗೆ ಸಾಮಾನು ಹೇರುವಾಗ ಹೋಸಿಯತಕ್ಕ ಕಿಟಕಿಯಲ್ಲಿ ನಿಂತಿದ್ದಳು. ಸವ್ರಿ ತಲೆಯೆತ್ತಿ ನೋಡಲಿಲ್ಲ. ಮೆಹ್ರಿ ಮಾತ್ರ ಮೆಟ್ಟಿಲು ಹತ್ತಿ ಬಂದು ಆಕೆಯನ್ನು ತಬ್ಬಿಕೊಂಡು ಹೋಯಿತು.

ಹೊಸ ಸೊಸೆಯಂದಿರು ಕಟ್ಟಡಕ್ಕೆ ಬಂದರು. ಹೋಸಿಯತಕ್ಕನ ಕೈರುಚಿಯ ವಿಷಯ ಯಾರಿಂದಲೋ ಕೇಳಿ, ಸಂಜೆಗೆ ಏನು ಮಾಡಲಿ ಅಂತ ಆಕೆಯ ಬಾಗಿಲಿಗೆ ಹೋಗುತ್ತಿದ್ದರು.

"ನನಗೆ ತಿಳಿಯಲ್ಲ ಮಗಳೇ. ನಿಮ್ಮತ್ತೆಯನ್ನ ಕೇಳು," ಅನ್ನುತ್ತಿದ್ದಳು.

ಸವ್ರಿ ಹೋದ ಹನ್ನೊಂದು ವರ್ಷದ ಮೇಲೆ ಒಂದು ಚಳಿಗಾಲದಲ್ಲಿ ಹೋಸಿಯತಕ್ಕ ತೀರಿಕೊಂಡಳು. ಶವ ತೊಳೆದ ಹೆಂಗಸರಲ್ಲಿ ನಾನೂ ಒಬ್ಬಳು. ಎತ್ತಿದರೆ ಮಗುವಿನಷ್ಟೂ ಭಾರವಿರಲಿಲ್ಲ. ಖುಜಂದಿಗೆ ಸುದ್ದಿ ಮುಟ್ಟಿಸಿದ್ದೆವು. ಯಾರೂ ಬರಲಿಲ್ಲ.