ವಾಪಸ್ ಬರುವವರ ಕೋಣೆ
ನನ್ನ ಗೆಳೆಯರಾಗಿದ್ದ ನಮ್ಮ ಚರ್ಚಿನ ಫಾದರ್ ಕಣ್ಣಿಗೆ ಊರಿನ ಹುಡುಗರೆಲ್ಲ ಪಾದ್ರಿಗಳಾಗಬೇಕಾದವರು, ಹುಡುಗಿಯರೆಲ್ಲ ಸಿಸ್ಟರುಗಳಾಗಬೇಕಾದವರು. ಯಾರಾದರೂ ಬಾಗಿಲನ್ನು ಸದ್ದಾಗದಂತೆ ಹಾಕಿದರೂ ಸಾಕು, "ನೋಡಿದ್ಯಾ, ಇವನಿಗೆ ದೇವರ ಕರೆ ಇದೆ" ಅನ್ನುತ್ತಿದ್ದರು. ಹಾಗಂತ ಯಾರಿಗೂ ಉಪದೇಶ ಮಾಡಿದವರಲ್ಲ. ಪೂಜೆ ಮುಗಿದ ಮೇಲೆ ಆ ಹುಡುಗ ಹುಡುಗಿಯರನ್ನು ತಮ್ಮ ಅಡುಗೆಮನೆಗೆ ಕರೆದು ಈರುಳ್ಳಿ ಹೆಚ್ಚಲು ಕೂರಿಸಿ, ತಾವು ಅಪಸ್ವರದಲ್ಲಿ ಹಾಡುತ್ತ ಒಲೆ ಮುಂದೆ ನಿಲ್ಲುತ್ತಿದ್ದರು. "ನಾನು ಸುಖವಾಗಿದ್ದೀನಿ ಅಂತ ಕಣ್ಣಾರೆ ನೋಡಲಿ ಕಣಯ್ಯ, ಅಷ್ಟೇ" ಎಂದು ನನಗೆ ಹೇಳುತ್ತಿದ್ದರು. ಮಗನನ್ನು ಪಾದ್ರಿಗಳ ತರಬೇತಿ ಕೊಡುವ ಗುರುಮಠಕ್ಕೆ ಕಳಿಸಿ ಎಂದರೆ ಒಬ್ಬ ತಾಯಿ ಮಾತ್ರ ಜಗ್ಗಲಿಲ್ಲ. "ಇರೋನೊಬ್ಬ ಮಗ. ಗುರುಮಠ ಒಗ್ಗದಿದ್ರೆ ಯಾವ ಮುಖ ಇಟ್ಕೊಂಡು ವಾಪಸ್ ಬರ್ತಾನೆ ಫಾದರ್?" ಎಂದು ಕೇಳಿದರು. ಫಾದರ್ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು, ಒಗೆದ ಬೆಡ್‌ಶೀಟ್ ಹಾಸಿದ್ದ ಮಂಚ ತೋರಿಸಿದರು. "ವಾಪಸ್ ಬರೋರಿಗೆ ಅಂತಲೇ ಇಟ್ಟಿದ್ದೀನಿ ತಾಯಿ. ಊರವರ ಬಾಯಿ ಮುಚ್ಚೋವರೆಗೂ ಇಲ್ಲೇ ಇರಲಿ. ಮದುವೆ ಆಗ್ತೀನಿ ಅಂದ್ರೆ ಅದನ್ನೂ ನಾನೇ ಮಾಡಿಸ್ತೀನಿ." ಮಗ ಹೋದ. ಎರಡು ಸಲ ಹೆದರಿ ಓಡಿಬಂದು ಆ ಮಂಚದ ಮೇಲೆ ಮಲಗಿದ, ಎರಡು ಸಲವೂ ತಾನಾಗಿಯೇ ಗುರುಮಠಕ್ಕೆ ಮರಳಿದ. ಮೊನ್ನೆ ಫಾದರ್ ಅವರ ಶವಪೆಟ್ಟಿಗೆಯ ಮುಂದೆ ಪೂಜೆ ಅರ್ಪಿಸಿದ ಪಾದ್ರಿ ಅವನೇ. ಮಣ್ಣು ಮಾಡಿ ಬಂದ ಮೇಲೆ ಅವನು ಮೊದಲು ಮಾಡಿದ ಕೆಲಸವೆಂದರೆ, ಹಿಂದಿನ ಕೋಣೆಯ ಕಿಟಕಿ ತೆರೆದು ಆ ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಸಿದ್ದು.