ಬಾರದ ಆಮೆನ್

ನಮ್ಮ ಮನೆಯಲ್ಲಿ ತಿಂಡಿಗೆ ಮುಂಚಿನ ಪ್ರಾರ್ಥನೆ ನನ್ನದು, ಆಮೆನ್ ಎಲ್ಲರದು. ಇವತ್ತು ಬೆಳಿಗ್ಗೆ ಇಡ್ಲಿಯ ಹಬೆಯ ಮುಂದೆ ಕಣ್ಣು ಮುಚ್ಚಿ, ಸಾಯಂಕಾಲ ಕೆ.ಆರ್. ಪುರದಿಂದ ಹೆಣ್ಣು ನೋಡಲು ಬರುವವರು ನಮ್ಮ ಮಗಳು ಶೀಲಾಳನ್ನು ಒಪ್ಪಿಕೊಳ್ಳಲಿ ಎಂದು ಬೇಡಿಕೊಂಡೆ. ನನ್ನ ಆಮೆನ್ ಬಂತು, ಹೆಂಡತಿಯದು ಬಂತು. ಶೀಲಾಳದು ಬರಲಿಲ್ಲ. ಅವಳು ಚಟ್ನಿ ಬಡಿಸತೊಡಗಿದಳು.

ಇದೇನು ಮಹಾ ಎನ್ನುತ್ತೀರಿ. ನನಗೆ ಮಾತ್ರ ಹಲಸೂರಿನ ನಮ್ಮ ಮನೆಗೆ ಹತ್ತಿರದಲ್ಲೇ ಇರುವ ಜೋಗುಪಾಳ್ಯದ ಒಂದು ಮನೆ ನೆನಪಾಯಿತು.

ಆಗ ನನಗೆ ಇಪ್ಪತ್ತಾರು. ಕಷ್ಟದಲ್ಲಿರುವವರ ಮನೆಗೆ ಹೋಗಿ ಪ್ರಾರ್ಥಿಸಲು ನಮ್ಮ ಚರ್ಚಿನ ಸಭೆಯಿಂದ ಇಬ್ಬಿಬ್ಬರನ್ನು ಕಳಿಸುತ್ತಿದ್ದರು. ನನ್ನ ಜೊತೆಗೆ ಬೆನ್ಸನ್ ಟೌನಿನ ಸುಗುಣಮ್ಮ, ಕೆಲಸದಿಂದ ನಿವೃತ್ತರಾದ ನರ್ಸು. ಪ್ರಾರ್ಥನೆಯಲ್ಲಿ ನಾನು ಶೂರ. ಲೋಕದ ಸೃಷ್ಟಿಯಿಂದ ಹೊರಟರೆ ಆ ಮನೆಯವರು ತಂದಿಟ್ಟ ಕಾಫಿ ಕೆನೆ ಕಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ. ಸುಗುಣಮ್ಮನದು ಬರೀ ಪ್ರಶ್ನೆ. "ಊಟ ಆಯ್ತಾ? ನಿದ್ದೆ ಬರುತ್ತಾ? ದೇವರ ಹತ್ರ ಏನಂತ ಬೇಡ್ಕೊಳ್ಳೋಣ?" ಕೇಳಿ ಸುಮ್ಮನೆ ಕೂತುಬಿಡುವರು, ಅರ್ಧ ಗಂಟೆಯಾದರೂ ಸರಿ. ಆಮೇಲಿನ ಪ್ರಾರ್ಥನೆ ಎರಡೇ ಮಾತು. ಇಷ್ಟು ದೂರ ನಡೆದು ಬಂದದ್ದು ಇದಕ್ಕೇನಾ ಎಂದು ನನಗೆ ಒಳಗೊಳಗೇ ಕಿರಿಕಿರಿ.

ಆ ದಿನ ಹೋದದ್ದು ರೀಟಾ ಎಂಬುವಳ ಮನೆಗೆ. ಗಂಡ ಬಿಟ್ಟುಹೋಗಿ ತಿಂಗಳಾಗಿತ್ತು. ಸುಗುಣಮ್ಮ ಚಪ್ಪಲಿ ಬಿಡುವಷ್ಟರಲ್ಲಿ ನಾನು ಶುರು ಮಾಡಿಯಾಗಿತ್ತು. ಕರ್ತನೇ, ಈ ತಂಗಿಯ ಗಂಡನನ್ನು ಇವತ್ತೇ ಈ ಹೊಸ್ತಿಲು ದಾಟಿಸು ಎಂದು ಗಂಟಲು ಕಟ್ಟುವಷ್ಟು ಕೂಗಿ ಆಮೆನ್ ಎಂದೆ. ಎದುರಿನಿಂದ ಸದ್ದಿಲ್ಲ. ಕಣ್ಣು ಬಿಟ್ಟರೆ ರೀಟಾ ಬಾಗಿಲನ್ನೇ ನೋಡುತ್ತಿದ್ದಾಳೆ.

"ಆಮೆನ್ ಅನ್ಲಿಲ್ವಲ್ಲಮ್ಮಾ, ಯಾಕೆ?" ಸುಗುಣಮ್ಮ ಮೆಲ್ಲಗೆ ಕೇಳಿದರು.

ಅವಳು ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ. ಸುಗುಣಮ್ಮ ನನ್ನ ಮೊಣಕೈ ಅದುಮಿದರು.

"ಅವ್ರು ಬರೋದು ಬೇಡ ಆಂಟಿ," ಎಂದಳು ಕೊನೆಗೆ. "ಅವ್ರು ಹೋದ್ಮೇಲೇನೇ ನಾನು ಏಟು ತಿನ್ನದೆ ಮಲಗ್ತಿರೋದು. ಈ ಅಣ್ಣ ಕೇಳಿದ್ದನ್ನ ದೇವ್ರು ಕೊಟ್ಬಿಟ್ರೆ ನಾನೇನ್ ಮಾಡ್ಲಿ?"

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಹಿಂದಿರುಗುವಾಗ ಸುಗುಣಮ್ಮ ಬೈಯಲಿಲ್ಲ. ಹಲಸೂರು ಕೆರೆಯ ಹತ್ತಿರ ಬಂದಾಗ, "ಕಣ್ಣಿಲ್ದೋನು ಎದ್ರಿಗೇ ನಿಂತಿದ್ರೂ ಯೇಸಪ್ಪ ಏನು ಬೇಕು ಅಂತ ಅವನನ್ನೇ ಕೇಳಿದ್ರಲ್ಲಪ್ಪಾ, ನಿಂಗೇನು ಅಷ್ಟು ಅವಸರ?" ಎಂದರು.

ಆಮೇಲೆ ಎಷ್ಟೋ ಮನೆಗಳಲ್ಲಿ ಕೇಳಿದೆ, ಕಾದೆ, ಒಳ್ಳೆಯ ಹೆಸರನ್ನೂ ತೆಗೆದುಕೊಂಡೆ. ಸ್ವಂತ ಮನೆಯಲ್ಲಿ ಮಾತ್ರ ಹಳೆಯ ಶೂರನಾಗಿಯೇ ಉಳಿದಿದ್ದೆ.

"ಶೀಲಾ, ಆಮೆನ್ ಅನ್ಲಿಲ್ವಲ್ಲಮ್ಮಾ, ಯಾಕೆ?"

"ಮೊದ್ಲು ತಿಂಡಿ ತಿನ್ಲಿ ಬಿಡ್ರೀ," ಎಂದಳು ಹೆಂಡತಿ. ಬುದ್ಧಿವಾದವೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಡ್ಲಿಯ ಜೊತೆ ನುಂಗಿಕೊಂಡು ಕಾದೆ.

"ದೇವ್ರನ್ನ ಕೇಳಿದ್ರಿ, ಹುಡುಗನ ಮನೆಯವ್ರನ್ನ ಕೇಳಿದ್ರಿ. ನನ್ನನ್ನ ಕೇಳ್ಲೇ ಇಲ್ಲ ಅಪ್ಪಾ," ಎಂದಳು ಶೀಲಾ. "ನಂಗೆ ಈ ಸಂಬಂಧ ಬೇಡ."

ಆಮೇಲೆ ಅವಳು ತುಂಬಾ ಹೊತ್ತು ಮಾತಾಡಿದಳು, ಇಡ್ಲಿ ಆರಿಹೋಯಿತು. ನಾನು ಎದ್ದು ಕೆ.ಆರ್. ಪುರಕ್ಕೆ ಫೋನ್ ಮಾಡಿ, ಕ್ಷಮೆ ಕೇಳಿ, ಬರುವುದು ಬೇಡವೆಂದು ತಿಳಿಸಿದೆ. ಮತ್ತೆ ಬಂದು ತಟ್ಟೆಯ ಮುಂದೆ ಕೂತೆ. ಕಣ್ಣು ಮುಚ್ಚಲಿಲ್ಲ.

"ಏನಂತ ಬೇಡ್ಕೊಳ್ಳೋಣಮ್ಮಾ?" ಎಂದೆ.