ಕಟ್ಟಿ ಕಳಿಸಿದ ಹಿಟ್ಟು

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಹೆಂಗಸರ ಊಟದ ಬಿಡುವು ಮಧ್ಯಾಹ್ನ ಒಂದೂವರೆಗೆ. ಮಗಳು ಮಹೇಶ್ವರಿ ಓದಲೆಂದು ಐರ್ಲೆಂಡಿಗೆ ಹೋದ ಮೇಲೆ ಬೀರವ್ವ ಆ ಅರ್ಧ ತಾಸನ್ನು ಊಟಕ್ಕಲ್ಲ, ಫೋನಿಗೆ ಇಟ್ಟುಕೊಂಡಳು. ತೊಟ್ಟು ಮುರಿದು ಉರಿಯುವ ಬೆರಳುಗಳನ್ನು ತೊಳೆದು, ಫೋನನ್ನು ನೀರಿನ ಕೊಡಕ್ಕೆ ಆನಿಸಿ ಕೂತರೆ ಅದರಲ್ಲಿ ಮಗಳ ಮುಖ. ಅಲ್ಲಿ ಆಗ ಬೆಳಗಿನ ಎಂಟು.

ಮೊದಲ ದಿನ ಮಗಳ ಹಿಂದಿನ ಕಿಟಕಿ ಕಪ್ಪಗಿತ್ತು.

"ಎಂಟಾದ್ರೂ ಬೆಳಕು ಹರಿದಿಲ್ಲೇನ?"

"ಇಲ್ಲಿ ಸೂರ್ಯಂಗೂ ಥಂಡಿಬೇ. ಹೊದ್ಕೊಂಡು ಮಲಗ್ಯಾನ."

ಮಗಳು ನಕ್ಕಳು. ಅವಳ ಕೈ ಹಿಟ್ಟಾಗಿತ್ತು. ಒಲೆಯ ಮೇಲೆ ರೊಟ್ಟಿ ಇತ್ತು. ಬೀರವ್ವನಿಗೆ ಹೆಮ್ಮೆಯಾಯಿತು. ಜೋಳದ ಹಿಟ್ಟು ಐದು ಕಿಲೋ ಕಟ್ಟಿ, "ಮಂದಿ ಮನಿ ಅದು, ಕೈ ಕಟ್ಟಿ ಕುಂದ್ರಬ್ಯಾಡ. ಹೋದ ಮರುದಿನಾನ ನಾಕು ರೊಟ್ಟಿ ಬಡಿದು ಕೊಡು" ಎಂದು ಹೇಳಿ ಕಳಿಸಿದ್ದು ಅವಳೇ.

ಮಂದಿ ಮನೆ ಎಂದರೂ ಪೂರಾ ಮಂದಿಯದಲ್ಲ. ನಾಗಲಕ್ಷ್ಮಿ ಬೀರವ್ವನ ದೊಡ್ಡವ್ವನ ಮಗಳು, ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಸಣ್ಣ ಕೂಸಿನ ತಾಯಿ. ರಾಣೆಬೆನ್ನೂರಿನಲ್ಲಿ ಅವಳನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಬೀರವ್ವ. ಕಾಲೇಜಿನವರು ಫೀ ಬಿಟ್ಟುಕೊಟ್ಟು ಮಹೇಶ್ವರಿಯನ್ನು ಕರೆದ ಸುದ್ದಿ ಕೇಳಿ, "ಬೀರಕ್ಕ, ನಿನ್ನ ಮಗಳು ನಮ್ಮನ್ಯಾಗ ಇರ್ಲಿ. ರೂಮು ಗೀಮು ಏನೂ ಹುಡುಕಬ್ಯಾಡ್ರಿ" ಎಂದು ತಾನಾಗಿ ಹೇಳಿದ್ದಳು. ಹೊತ್ತ ಋಣ ತೀರಿಸುತ್ತಿದ್ದಾಳೆ ಎಂದುಕೊಂಡು ಬೀರವ್ವ ಅವತ್ತು ಅತ್ತಿದ್ದಳು.

ಸೋಮವಾರ ಕ್ಲಾಸು ಶುರು. ಸೋಮವಾರವೂ ಮಗಳು ಒಲೆಯ ಮುಂದೆ.

"ಚಿಗವ್ವಂದು ಬೆಳಗಿನ ಪಾಳಿ. ಕೂಸಿಗೆ ಜ್ವರ. ನಾಳೆ ಹೋಗ್ತೇನಿ."

ಮಂಗಳವಾರ ಬುತ್ತಿಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಬುಧವಾರ ಕೂಸು ಮಹೇಶ್ವರಿಯ ಟೊಂಕದ ಮೇಲಿತ್ತು. ಅವಳ ಹಿಂದೆ ಟೇಬಲ್ಲಿಗೆ ನಾಗಲಕ್ಷ್ಮಿಯ ಗಂಡ ಕೂತಿದ್ದ. ಅವನ ಮೊಣಕೈಯಷ್ಟೇ ಕಾಣುತ್ತಿತ್ತು. ಮಗಳು ಒಂದೇ ಕೈಯಲ್ಲಿ ರೊಟ್ಟಿ ತಿರುವಿ, ತಟ್ಟೆ ತಂದು ಆ ಮೊಣಕೈ ಪಕ್ಕ ಇಟ್ಟು ಹೋದಳು. ಮೊಣಕೈ ಅಲ್ಲಾಡಲಿಲ್ಲ.

ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಜೈತೂನಬಿ ಬಗ್ಗಿ ನೋಡಿದಳು. ಇಬ್ಬರೂ ಹದಿನೈದು ವರ್ಷದಿಂದ ಒಂದೇ ರಾಶಿಯ ಮುಂದೆ ಕೂತು ತೊಟ್ಟು ಮುರಿದವರು.

"ಏ ಬೀರವ್ವಾ, ನಿನ್ನ ಮಗಳು ಓದಾಕ ಹೋಗ್ಯಾಳೋ, ರೊಟ್ಟಿ ಬಡ್ಯಾಕ ಹೋಗ್ಯಾಳೋ? ರೊಟ್ಟಿ ಬಡ್ಯಾಕಾದ್ರ ಹಾವೇರಿ ಖಾನಾವಳಿ ಸಮೀಪ ಇತ್ತಲ್ಲ. ವಿಮಾನ ಯಾಕ ಹತ್ತಬೇಕಿತ್ತು?"

ಸುತ್ತ ಕೂತ ಹೆಂಗಸರು ನಕ್ಕರು. ಬೀರವ್ವನೂ ನಕ್ಕಳು. ಆಮೇಲೆ ಸಂಜೆತನಕ ತಲೆಯೆತ್ತದೆ ತೊಟ್ಟು ಮುರಿದಳು.

ತನ್ನೂರು ಐರಣಿಯಲ್ಲಿ ಏಳನೇ ತರಗತಿ ಮುಗಿಸಿದ ಬೀರವ್ವನನ್ನು ಅವಳ ಅಪ್ಪ ಮುಂದೆ ಓದಲೆಂದೇ ರಾಣೆಬೆನ್ನೂರಿನ ದೊಡ್ಡವ್ವನ ಮನೆಯಲ್ಲಿ ಬಿಟ್ಟಿದ್ದ. ಹೊರಡುವಾಗ ಅವಳ ಅವ್ವನೂ ಹಿಟ್ಟು ಕಟ್ಟಿದ್ದಳು. ಕೈ ಕಟ್ಟಿ ಕೂಡಬೇಡ ಎಂದಿದ್ದಳು. ಅಲ್ಲಿ ವರ್ಷ ತುಂಬಿದ ಕೂಸು ನಾಗಲಕ್ಷ್ಮಿ, ಹಾಸಿಗೆ ಹಿಡಿದ ದೊಡ್ಡವ್ವ, ಉಣ್ಣುವ ಆರು ಮಂದಿ ಗಂಡಸರು. ಮೊದಲ ದಿನ ಪ್ರೀತಿಯಿಂದ ಬಡಿದ ರೊಟ್ಟಿ ಎರಡನೆಯ ದಿನಕ್ಕೆ ಅವಳ ಪಾಲಿನ ಕೆಲಸವಾಯಿತು. ಶಾಲೆಯ ಗಂಟೆ ಮನೆಗೇ ಕೇಳಿಸುತ್ತಿತ್ತು. ಅದು ಬಾರಿಸುವಾಗ ಅವಳ ಕೈ ಪ್ರತಿದಿನ ಹಿಟ್ಟಿನಲ್ಲಿರುತ್ತಿತ್ತು. ಶಾಲೆಗೆ ಹೆಸರು ಹಚ್ಚುವ ದಿನ ದಾಟಿಹೋದದ್ದು ಯಾರಿಗೂ ನೆನಪಾಗಲಿಲ್ಲ. ನಾಕು ವರ್ಷದ ನಂತರ ಆ ಮನೆಯಿಂದಲೇ ಲಗ್ನವಾಗಿ ಬ್ಯಾಡಗಿಗೆ ಬಂದಳು.

ಇದನ್ನು ಅವಳು ಮಗಳಿಗೆ ಹೇಳಿರಲಿಲ್ಲ. "ನನ್ನ ತಲಿಗೆ ವಿದ್ಯಾ ಹತ್ತಲಿಲ್ಲ" ಎಂದಷ್ಟೇ ಹೇಳಿದ್ದಳು. ಹಾಗಂದರೆ ದೊಡ್ಡವ್ವನ ಹೆಸರು ಉಳಿಯುತ್ತಿತ್ತು, ಅವ್ವನ ಹೆಸರೂ.

ಗುರುವಾರ ಅವಳೇ ಕೇಳಿದಳು. "ಹೆಸರು ಹಚ್ಚಾಕ ಕಡೀ ದಿನ ಯಾವಾಗ?"

"ನಾಳೆ. ಕಾಲೇಜಿನವರಿಗೆ ಫೋನ್ ಮಾಡಿ ಎಂಟು ದಿನ ಕೇಳು ಅಂತಾಳ ಚಿಗವ್ವ. ಕೂಸಿನ ನೋಡ್ಕೊಳ್ಳಾಕ ಯಾರೂ ಸಿಕ್ಕಿಲ್ಲಂತ."

"ಅದರಪ್ಪ ಮನ್ಯಾಗ ಇರ್ತಾನಲ್ಲ?"

"ಕಾಕಾಂದು ಮನ್ಯಾಗ ಆಫೀಸಬೇ. ಅವರಿಗೆ ಕೆಲಸ ಇರ್ತೈತಿ."

"ನಿಂಗ?"

ಬೀರವ್ವ ಫೋನೆತ್ತಿಕೊಂಡು ಗೋದಾಮಿನ ಹಿಂದಕ್ಕೆ ಹೋದಳು. ಮೂವತ್ತು ವರ್ಷದ ಮಾತನ್ನು ಐದು ನಿಮಿಷದಲ್ಲಿ ಹೇಳಿದಳು. ಏಳನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದದ್ದನ್ನೂ ಹೇಳಿದಳು. "ವಿದ್ಯಾ ತಲಿಗೆ ಹತ್ತಿತ್ತು, ಮಹೇಶಿ. ರೊಟ್ಟಿ ಬಿಡಲಿಲ್ಲ. ಇವತ್ತ ಆ ಮನಿ ಬಿಡು."

ಅತ್ತ ಕಡೆ ಕೂಸು ಅಳುವುದು ಕೇಳುತ್ತಿತ್ತು.

"ಆಯಿಶಾ ಅಂತ ನಮ್ಮ ಕ್ಲಾಸಿನಾಕಿ, ಫೋನಿನ್ಯಾಗ ಪರಿಚಯ ಆದಾಕಿ, ತನ್ನ ರೂಮಿನ್ಯಾಗ ನೆಲದ ಮ್ಯಾಲೆ ಜಾಗ ಕೊಡ್ತೀನಿ ಅಂದಾಳ" ಎಂದಳು ಮಹೇಶ್ವರಿ. ಆಮೇಲೆ, "ಅವ್ವಾ, ಇದೆಲ್ಲಾ ಗೊತ್ತಿದ್ದೂ ನನಗ ಹಿಟ್ಟು ಯಾಕ ಕಟ್ಟಿ ಕಳಿಸಿದಿ?"

ಮಗಳು ಉತ್ತರಕ್ಕೆ ಕಾಯ್ದು ಫೋನಿಟ್ಟಳು.

ಶುಕ್ರವಾರ ಮಧ್ಯಾಹ್ನ ಫೋನ್ ಬರಲಿಲ್ಲ. ಬೀರವ್ವ ಮಾಡಿದರೂ ಮಗಳು ಎತ್ತಲಿಲ್ಲ. ಸಂಜೆ ಮನೆಗೆ ಬಂದಾಗ ಫೋನಿನಲ್ಲಿ ಮೊದಲು ಬಂದದ್ದು ನಾಗಲಕ್ಷ್ಮಿಯ ದನಿ. "ಬೀರಕ್ಕ, ನಿನ್ನ ಮಗಳಿಗೆ ನಾವು ಏನ್ ಕಡಿಮಿ ಮಾಡಿದ್ವಿ? ಜ್ವರದ ಕೂಸಿನ್ನ ಬಿಟ್ಟು ಹೋದ್ಲು. ನೀನ ಕಲಿಸಿಕೊಟ್ಟೀ ಅಂತ. ಇನ್ನ ಮ್ಯಾಲೆ ನಮಗ ಫೋನ್ ಮಾಡಬ್ಯಾಡ." ಈ ದನಿಗೆ ಮೊದಲ ಮಾತು ಕಲಿಸಿದವಳು ತಾನು ಎಂಬುದು ಬೀರವ್ವನಿಗೆ ನೆನಪಾಯಿತು.

ಆಮೇಲೆ ಮಗಳ ಫೋಟೋ ಬಂತು. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಕಣ್ಣು ಬಾತಿದ್ದವು, ನಗು ಇರಲಿಲ್ಲ. ಕೆಳಗೆ ಎರಡು ಸಾಲು. "ಹೆಸರು ಹಚ್ಚಿದೆ. ಹಿಟ್ಟು ಅಲ್ಲೇ ಬಿಟ್ಟು ಬಂದೇನಿ."

ಬೀರವ್ವ ಒಲೆಯ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿದಳು. "ಬ್ಯಾರೆ ಏನ್ ಕಟ್ಟಬೇಕು ಅನ್ನೂದು ನಂಗೂ ಯಾರೂ"

ಹೆಂಚು ಕಾದು ಹೊಗೆಯೆದ್ದಿತು. ಹಮಾಲಿ ಮುಗಿಸಿ ಬಂದ ಗಂಡ ಹಾಲೇಶಪ್ಪ ಕೈಕಾಲು ತೊಳೆದು ಗಂಗಾಳದ ಮುಂದೆ ಕೂತಿದ್ದ.

"ಲಗೂ ಹಾಕು. ಹೊಟ್ಟಿ ಹಸದೈತಿ."

ಫೋನು ಮಗ್ಗುಲಿಗಿಟ್ಟು ಹಿಟ್ಟಿಗೆ ಕೈ ಹಾಕಿದಳು. ಮೂರನೆಯ ರೊಟ್ಟಿ ಬಡಿಯುವಷ್ಟರಲ್ಲಿ ಪರದೆಯ ಬೆಳಕು ತಾನಾಗಿ ಆರಿತು.